ಬೆಟ್ಟದ ಮೇಲೆ ಇನ್ನು ಯಾರಿದ್ದರು?

ಬೇಸಿಗೆ ಮುಗಿಯುತ್ತಿದ್ದಂತೆ ಕನ್ನಡದಲ್ಲಿ ಚಾರಣ ಬರಹಗಳ ಸುಗ್ಗಿ. ರಜೆಯಲ್ಲಿ ಬೆಟ್ಟ ಹತ್ತಿ ಬಂದವರೆಲ್ಲ ಬರೆಯುತ್ತಾರೆ. ಬರೆಯುವುದು ಒಳ್ಳೆಯದೇ. ಆದರೆ ಈ ಬರಹಗಳನ್ನು ಒಟ್ಟಿಗೆ ಇಟ್ಟುಕೊಂಡು ಓದಿದವರಿಗೆ ಅವುಗಳ ಅಚ್ಚು ಬಾಯಿಪಾಠವಾಗಿರುತ್ತದೆ: ಶುಕ್ರವಾರ ರಾತ್ರಿ ಬೆಂಗಳೂರು ಬಿಡುವ ಬಸ್ಸು, ನಿದ್ದೆಯಿಲ್ಲದ ಇರುಳು, ಮುಂಜಾನೆ ಹೋಂಸ್ಟೇಯಲ್ಲಿ ಬಿಸಿ ಉಪ್ಪಿಟ್ಟು, ಮೊದಲ ಏರಿನಲ್ಲೇ ಖಾಲಿಯಾಗುವ ನೀರಿನ ಬಾಟಲಿ, ನಡುವೆ ಒಬ್ಬ ಗೆಳೆಯನ ಉಳುಕಿದ ಕಾಲು, ತುದಿಯಲ್ಲಿ ಮಂಜು, ಕೊನೆಗೆ ಪ್ರಕೃತಿಯ ಮುಂದೆ ಮನುಷ್ಯ ಎಷ್ಟು ಸಣ್ಣವನು ಎಂಬ ಅರಿವು. ಈ ಅರಿವು ಬರುವ ಹೊತ್ತಿಗೆ ಬರಹದಲ್ಲಿ ಆ ಸಣ್ಣ ಮನುಷ್ಯನನ್ನು ಬಿಟ್ಟರೆ ಬೇರೆ ಯಾರೂ ಉಳಿದಿರುವುದಿಲ್ಲ ಎನ್ನುವುದೇ ತಮಾಷೆ.

ಇಂಥ ಬರಹಗಳನ್ನು ನೋಡಿ ನಗುವುದು ಸುಲಭ. ವಿಮರ್ಶೆ ಅವುಗಳನ್ನು ಗಂಭೀರವಾಗಿ ತೆಗೆದುಕೊಂಡದ್ದು ಕಡಿಮೆ. ಹೊಸ ತಲೆಮಾರಿನವರು ಕನ್ನಡದಲ್ಲಿ ಮೊದಲ ಬಾರಿಗೆ ಗದ್ಯ ಬರೆಯಲು ಕೂರುವುದು ಎಷ್ಟೋ ಸಲ ಒಂದು ಬೆಟ್ಟ ಹತ್ತಿ ಇಳಿದ ಮೇಲೆಯೇ. ಆದ್ದರಿಂದ ಈ ಪ್ರಕಾರವನ್ನು ಅಳೆಯಲು ಒಂದು ಅಳತೆಗೋಲು ಬೇಕು. ನನ್ನದು ಸರಳವಾದದ್ದು. ಬರಹ ಓದಿ ಮುಗಿಸಿದ ಮೇಲೆ ಕೇಳಿಕೊಳ್ಳುವ ಪ್ರಶ್ನೆ: ನೀವು ಹೋದಾಗ ಬೆಟ್ಟದ ಮೇಲೆ ಇನ್ನು ಯಾರಿದ್ದರು?

ಮೊದಲು ‘ಚಾರಣ’ ಎಂಬ ಪದವನ್ನೇ ನೋಡೋಣ. ಟ್ರೆಕ್ಕಿಂಗ್‌ಗೆ ಕನ್ನಡ ಪದ ಬೇಕೆಂದಾಗ ನಾವು ಎತ್ತಿಕೊಂಡದ್ದು ಇದನ್ನು. ಸಂಸ್ಕೃತದಲ್ಲಿ ಚಾರಣ ಎಂದರೆ ಅಲೆಮಾರಿ ಗಾಯಕ. ಊರೂರು ತಿರುಗಿ ಅರಸರ, ವೀರರ ಕೀರ್ತಿಯನ್ನು ಹಾಡುವವನು. ಜೈನ ಪುರಾಣಗಳಲ್ಲಿ ಚಾರಣರೆಂದರೆ ಆಕಾಶದಲ್ಲಿ ಸಂಚರಿಸುವ ಶಕ್ತಿ ಪಡೆದ ಮುನಿಗಳು. ಅಂದರೆ ಈ ಪದದೊಳಗೆ ನಡಿಗೆ ಇದೆ, ಹಾಡಿದೆ, ನೆಲ ಬಿಟ್ಟು ಮೇಲೇರುವ ಆಸೆಯೂ ಇದೆ. ನಾವು ಅದರಲ್ಲಿ ನಡಿಗೆಯನ್ನಷ್ಟೇ ಉಳಿಸಿಕೊಂಡೆವು. ಹಾಡನ್ನು, ಎಂದರೆ ಇನ್ನೊಬ್ಬರ ಕಥೆ ಹೇಳುವ ಕೆಲಸವನ್ನು, ಕೈಬಿಟ್ಟೆವು. ಇಂದಿನ ಚಾರಣ ಬರಹಗಾರ ಹಳೆಯ ಚಾರಣನಂತೆ ಹೊಗಳುತ್ತಾನೆ ನಿಜ. ಹೊಗಳುವುದು ತನ್ನ ಕಾಲುಗಳನ್ನು.

ಕನ್ನಡದ ಬೆಟ್ಟದ ಗದ್ಯ ಹೀಗೆ ಶುರುವಾದದ್ದಲ್ಲ. ಶಿವರಾಮ ಕಾರಂತರ ‘ಬೆಟ್ಟದ ಜೀವ’ (1943) ಕಾದಂಬರಿಯನ್ನು ಒಂದು ಚಾರಣ ಕಥನವಾಗಿ ಓದಿ ನೋಡಿ. ಕುಮಾರಪರ್ವತದ ಬುಡದ ಕಾಡಿನಲ್ಲಿ ನಿರೂಪಕ ದಾರಿ ತಪ್ಪುತ್ತಾನೆ. ಸಾಹಸಕ್ಕೆ ಇದಕ್ಕಿಂತ ಒಳ್ಳೆಯ ಆರಂಭ ಬೇಕೆ? ಕಾರಂತರಿಗೆ ಆ ಸಾಹಸದಲ್ಲಿ ಆಸಕ್ತಿಯೇ ಇಲ್ಲ. ದಾರಿ ತಪ್ಪಿದವನನ್ನು ಅವರು ಗೋಪಾಲಯ್ಯನ ಮನೆಗೆ ಮುಟ್ಟಿಸುತ್ತಾರೆ. ಅಲ್ಲಿಂದ ಮುಂದೆ ಕಾದಂಬರಿ ಬಂದವನದ್ದಲ್ಲ, ಇದ್ದವರದ್ದು. ಕಾಡು ಕಡಿದು ಅಡಿಕೆ ತೋಟ ಮಾಡಿದ ಮುದುಕ, ಮನೆ ಬಿಟ್ಟುಹೋದ ಮಗನ ದಾರಿ ಕಾಯುವ ಶಂಕರಮ್ಮ, ಮಗನ ಜಾಗದಲ್ಲಿ ನೆಚ್ಚಿಕೊಂಡ ನಾರಾಯಣನೂ ಎಲ್ಲಿ ಹೊರಟುಹೋಗುವನೋ ಎಂಬ ದಿಗಿಲು. ನಿರೂಪಕ ಗೋಪಾಲಯ್ಯನ ಹಿಂದೆ ಏರು ಹತ್ತುತ್ತಾನೆ, ಏದುಸಿರು ಬಿಡುತ್ತಾನೆ, ಬೆಟ್ಟಗಳ ಸಾಲು ನೋಡಿ ಬೆರಗಾಗುತ್ತಾನೆ. ಆದರೆ ಆ ನೋಟ ನಮಗೆ ನೆನಪಿನಲ್ಲಿ ಉಳಿಯುವುದು ಅದರ ಎದುರಿಗೆ ವಯಸ್ಸಾದ ಒಬ್ಬ ಮನುಷ್ಯ ನಿಂತು ಮಾತಾಡುತ್ತಿರುವುದರಿಂದ. ಬೆಟ್ಟ ಅವನಿಗೆ ನೋಟವಲ್ಲ, ಬದುಕಿನುದ್ದಕ್ಕೂ ಮಾಡಿದ ಕೆಲಸ.

ಬಿ. ಜಿ. ಎಲ್. ಸ್ವಾಮಿ ಅವರ ‘ಹಸುರು ಹೊನ್ನು’ (1976) ಇನ್ನೊಂದು ಬಗೆಯದು. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಈ ಪುಸ್ತಕದಲ್ಲಿ ನಡೆಯುವುದಿಷ್ಟೆ: ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಸಸ್ಯಶಾಸ್ತ್ರದ ಮೇಷ್ಟ್ರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಘಟ್ಟದ ಕಾಡುಗಳಿಗೆ ಹೋಗಿ ಗಿಡ ಹುಡುಕುತ್ತಾರೆ. ದಣಿವಿದೆ, ಊಟದ ಚಿಂತೆಯಿದೆ, ಹುಡುಗರ ಕಿತಾಪತಿಯಿದೆ, ಮೇಷ್ಟ್ರು ತಮ್ಮನ್ನೇ ಗೇಲಿ ಮಾಡಿಕೊಳ್ಳುವ ಹಾಸ್ಯವಿದೆ. ಇಂದಿನ ಚಾರಣ ಬರಹದ ಸರಕೆಲ್ಲ ಅಲ್ಲಿದೆ. ವ್ಯತ್ಯಾಸ ಒಂದೇ. ಒಂದು ಗಿಡ ಎದುರಾದ ಕೂಡಲೆ ಗದ್ಯ ನಿಲ್ಲುತ್ತದೆ. ಅದರ ಲ್ಯಾಟಿನ್ ಹೆಸರು, ಊರವರು ಕರೆಯುವ ಹೆಸರು, ಹಳೆಯ ಕಾವ್ಯದಲ್ಲೋ ವೈದ್ಯದಲ್ಲೋ ಅದು ಬಂದ ಸಂದರ್ಭ, ಸ್ವಾಮಿಯವರೇ ಬರೆದ ರೇಖಾಚಿತ್ರ. ತುದಿ ಮುಟ್ಟುವ ಅವಸರವೇ ಇಲ್ಲ. ಹಾಗಾಗಿ ಬೆಟ್ಟದ ಮೇಲೆ ಇನ್ನು ಯಾರಿದ್ದರು ಎಂಬ ಪ್ರಶ್ನೆಗೆ ‘ಹಸುರು ಹೊನ್ನು’ ಕೊಡುವ ಉತ್ತರ ಬಹಳ ಉದ್ದ, ಮತ್ತು ಅದರಲ್ಲಿ ಹೆಚ್ಚಿನವರು ಬೇರುಳ್ಳವರು.

ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಈ ಪರಂಪರೆಯ ಅತ್ಯಂತ ಮುದ್ದಾದ ಪುಸ್ತಕ. ಹಾರುವ ಓತಿಯನ್ನು ಹುಡುಕಿ ಕಾಡಿಗೆ ಹೊರಡುವ ತಂಡದಲ್ಲಿ ವಿಜ್ಞಾನಿ ಇದ್ದಾನೆ, ರೈತ ನಿರೂಪಕ ಇದ್ದಾನೆ, ಫೋಟೊ ತೆಗೆಯುವ ಪ್ರಭಾಕರ, ಮರ ಹತ್ತುವ ಕರಿಯಪ್ಪ, ಪ್ಯಾರ, ಕಿವಿ ಎಂಬ ನಾಯಿ. ಇವರ ನಡುವೆ ಜೇನು ಕೀಳುವ ಮಂದಣ್ಣ. ಊರಿನ ಕಣ್ಣಿಗೆ ಮಂದಣ್ಣ ಕೆಲಸಕ್ಕೆ ಬಾರದವನು. ಮದುವೆಯಾಗಬೇಕು, ಒಂದು ಜವಾನನ ಕೆಲಸ ಬೇಕು ಎಂದು ಒದ್ದಾಡುವವನು. ಕರ್ವಾಲೊ ಅವನಲ್ಲಿ ಹುಟ್ಟು ನಿಸರ್ಗ ವಿಜ್ಞಾನಿಯನ್ನು ಕಾಣುತ್ತಾರೆ. ಓತಿಯನ್ನು ಮೊದಲು ಕಂಡವನು ಅವನೇ. ಇಡೀ ತಂಡ ಅವನ ಕಣ್ಣನ್ನು ನಂಬಿ ನಡೆಯುತ್ತದೆ. ಕೊನೆಯಲ್ಲಿ ಬಂಡೆಯಂಚಿನಿಂದ ಓತಿ ಕಣಿವೆಗೆ ತೇಲಿ ಮರೆಯಾದಾಗ ಯಾರ ಕೈಗೂ ಏನೂ ಸಿಗುವುದಿಲ್ಲ. ಬೆಟ್ಟದ ತುದಿಯಲ್ಲಿ ಬರಿಗೈಲಿ ನಿಂತ ಜನ. ಗೆದ್ದ ಭಾವದಿಂದ ಬಾವುಟ ನೆಡುವ, ಸೆಲ್ಫಿ ತೆಗೆಯುವ ತುದಿಗೆ ಇದು ತೀರ ವಿರುದ್ಧವಾದ ತುದಿ.

ಮೂರು ಪುಸ್ತಕಗಳಲ್ಲೂ ಬೆಟ್ಟಕ್ಕೆ ಹೋಗಲು ಬೆಟ್ಟ ಹತ್ತುವುದನ್ನು ಬಿಟ್ಟು ಬೇರೆ ಒಂದು ಕಾರಣವಿದೆ. ಮೂರರಲ್ಲೂ ದಾರಿ ಬಲ್ಲವನು ಬೇರೆಯವನು, ಅವನಿಗೊಂದು ಹೆಸರಿದೆ, ಬೆಟ್ಟ ಇಳಿದ ಮೇಲೂ ಮುಂದುವರಿಯುವ ಚಿಂತೆಗಳಿವೆ. ಇಂದಿನ ಬರಹಗಳಲ್ಲಿ ಅವನ ಹೆಸರು ‘ಗೈಡ್’. ಅವನು ಚಪ್ಪಲಿಯಲ್ಲೇ ಸಲೀಸಾಗಿ ಹತ್ತಿದ ಎಂಬ ಮೆಚ್ಚುಗೆಯ ಒಂದು ಸಾಲಿನೊಂದಿಗೆ ಅವನ ಕಥೆ ಮುಗಿಯುತ್ತದೆ.

ಇಷ್ಟಕ್ಕೇ ನಿಲ್ಲಿಸಿದರೆ ಹಿರಿಯರನ್ನು ಹೊಗಳಿ ಕಿರಿಯರನ್ನು ತೆಗಳಿದ ಹಾಗಾಗುತ್ತದೆ. ಮಲೆನಾಡನ್ನು ಬಿಟ್ಟು ಇತ್ತ ಮಂಡ್ಯ ಸೀಮೆಗೆ ಬಂದರೆ ವಿಷಯ ಸ್ವಲ್ಪ ಜಟಿಲವಾಗುತ್ತದೆ.

ನಾನು ಬಿಂಡಿಗನವಿಲೆಯವನು. ಹೊರಗಿನವರು ಅಲ್ಲಿಗೆ ಬರುವುದು ಗರುಡ ದೇವರ ಸಲುವಾಗಿ, ಬೆಟ್ಟದ ಸಲುವಾಗಿ ಅಲ್ಲ. ಆದರೆ ನಾಗಮಂಗಲ, ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ ಈ ನಾಲ್ಕು ತಾಲ್ಲೂಕುಗಳಲ್ಲಿ ಬೆಟ್ಟಗಳಿಗೆ ಬರವಿಲ್ಲ. ಆದಿಚುಂಚನಗಿರಿ, ಮೇಲುಕೋಟೆ, ನಾರಾಯಣದುರ್ಗ, ಕುಂತಿಬೆಟ್ಟ, ಕರಿಘಟ್ಟ. ಮಲೆನಾಡಿನ ಹಾಗೆ ಹಸಿರು ಹೊದ್ದವಲ್ಲ. ಬೇಸಿಗೆಯಲ್ಲಿ ಕಾದ ಕಲ್ಲು, ತಂಗಡಿ, ಜಾಲಿ, ಲಂಟಾನ. ಇಲ್ಲಿನವರು ಬೆಟ್ಟ ಹತ್ತುವುದು ಹರಕೆಗೆ, ಮುಡಿ ಕೊಡುವುದಕ್ಕೆ, ಜಾತ್ರೆಗೆ, ಕುರಿ ಮೇಕೆ ಮೇಯಿಸುವುದಕ್ಕೆ, ಸೌದೆಗೆ. ಬೆಟ್ಟಕ್ಕೆ ಹೋಗಿ ಬಂದ್ರಾ ಎಂದು ಕೇಳಿದರೆ ದೇವರ ದರ್ಶನ ಆಯಿತಾ ಎಂದೇ ಅರ್ಥ. ಸುಮ್ಮನೆ ಹತ್ತಿ ಬಂದೆ ಎಂದರೆ ಹಿರಿಯರು ಮುಖ ನೋಡುತ್ತಾರೆ.

ಈ ಸೀಮೆಯ ಜನರಿಗೆ ದೊಡ್ಡ ಬೆಟ್ಟದ ನಡಿಗೆ ಎಂದರೆ ಮಾದಪ್ಪನ ಬೆಟ್ಟದ ನಡಿಗೆ. ಶಿವರಾತ್ರಿಯ ಹೊತ್ತಿಗೆ ಮಂಡ್ಯ ಜಿಲ್ಲೆಯಿಂದ ತಂಡತಂಡವಾಗಿ ಜನ ಮಲೆ ಮಹದೇಶ್ವರನ ಕಡೆ ನಡೆಯುತ್ತಾರೆ. ಎಪ್ಪತ್ತೇಳು ಮಲೆಯ ಒಡೆಯನ ಕಥೆಯನ್ನು ಕಂಸಾಳೆಯ ದೇವರಗುಡ್ಡರು ಹಾಡುತ್ತಾರೆ. ನಡೆಯುವುದು, ಹಾಡುವುದು, ಬೆಟ್ಟ: ಚಾರಣ ಪದದ ಹಳೆಯ ಅರ್ಥಗಳೆಲ್ಲ ಇಲ್ಲಿ ಒಟ್ಟಿಗೆ ಇವೆ, ಪದ ಮಾತ್ರ ಇಲ್ಲ. ಪಿ. ಕೆ. ರಾಜಶೇಖರ ಅವರು 1973ರಲ್ಲಿ ಸಂಪಾದಿಸಿ ಹೊರತಂದ ‘ಮಲೆಯ ಮಾದೇಶ್ವರ’ವನ್ನು ನಮ್ಮ ವಿಮರ್ಶೆ ಜನಪದ ಮಹಾಕಾವ್ಯವಾಗಿ, ಧರ್ಮದ ಚರಿತ್ರೆಯಾಗಿ ಓದಿದೆ. ಬೆಟ್ಟದ ಸಾಹಿತ್ಯವಾಗಿ ಓದಿದ್ದು ಕಡಿಮೆ.

ಹಾಗೆ ಓದಿದರೆ ಸಂಕಮ್ಮನ ಸಾಲು ಬೇರೆಯಾಗಿ ಕಾಣುತ್ತದೆ. ನೀಲೇಗೌಡ ಜೇನಿಗೆ, ಗೆಡ್ಡೆ ಗೆಣಸಿಗೆ ಮಲೆ ಹತ್ತಬೇಕು. ಹೋಗುವ ಮೊದಲು ಹೆಂಡತಿಯ ಮೇಲೆ ಅನುಮಾನ. ಆಣೆ ಭಾಷೆ ಕೊಡು ಎನ್ನುತ್ತಾನೆ. ಅವಳು ಒಪ್ಪುವುದಿಲ್ಲ. ಹಿಂಸೆ ಕೊಟ್ಟು, ಕಟ್ಟುಕಟ್ಟಳೆ ಮಾಡಿ, ಕಾಡಿನ ಗುಡಿಸಲಿನಲ್ಲಿ ಅವಳೊಬ್ಬಳನ್ನೇ ಬಿಟ್ಟು ಹೊರಡುತ್ತಾನೆ. ಮಾದಪ್ಪ ಬಂದು ಬಿಡಿಸಬೇಕಾಗುತ್ತದೆ. ಇಲ್ಲಿಯೂ ಜೇನು, ‘ಕರ್ವಾಲೊ’ದಲ್ಲಿಯೂ ಜೇನು. ಗಂಡಸನ್ನು ಬೆಟ್ಟಕ್ಕೆ ಕರೆಯುವುದು ಜೇನು. ಆದರೆ ಕಂಸಾಳೆಯವರು ನಿಲ್ಲುವುದು ಬೆಟ್ಟ ಹತ್ತಿದವನ ಬಳಿ ಅಲ್ಲ. ಅವನ ಸಾಹಸ ಬೇಗ ಮುಗಿಯುತ್ತದೆ, ಅವನು ಬಿಟ್ಟುಹೋದವಳ ಗೋಳಿಗೆ ಇಡೀ ಒಂದು ಸಾಲು. ಬೆಟ್ಟದ ಮೇಲೆ ಇನ್ನು ಯಾರಿದ್ದರು ಎಂಬ ಪ್ರಶ್ನೆಯ ಜೊತೆಗೆ ಯಾರನ್ನು ಬಿಟ್ಟು ಹೋದೆ ಎಂಬ ಪ್ರಶ್ನೆಯನ್ನೂ ಆ ಕಾವ್ಯ ಕೇಳಿದೆ. ‘ಕರ್ವಾಲೊ’ ಅದನ್ನು ಕೇಳುವುದಿಲ್ಲ. ಓತಿಯ ಹಿಂದೆ ಹೊರಟ ತಂಡದಲ್ಲಿ ಹೆಂಗಸರಿಲ್ಲ. ಮಂದಣ್ಣನ ರಾಮಿಗೆ ಆ ನಡಿಗೆಯಲ್ಲಿ ಜಾಗವಿಲ್ಲ.

ಹೊಸ ಚಾರಣ ಬರಹದ ಪರವಾಗಿ ಹೇಳಬೇಕಾದ ಮಾತು ಇರುವುದು ಇಲ್ಲಿಯೇ. ಅದರಲ್ಲಿ ಗಣನೀಯ ಪಾಲು ಹೆಣ್ಣುಮಕ್ಕಳದು. ಮನೆಯಲ್ಲಿ ಅನುಮತಿ ಪಡೆದು, ಅಥವಾ ಪಡೆಯದೆ, ಗೆಳತಿಯರ ಜೊತೆ ಬೆಟ್ಟಕ್ಕೆ ಹೋಗಿ ಟೆಂಟಿನಲ್ಲಿ ಮಲಗಿ ಬಂದದ್ದನ್ನು ಬರೆಯುವ ಹುಡುಗಿ ಕಾರಂತ, ಸ್ವಾಮಿ, ತೇಜಸ್ವಿ ಮೂವರ ಪುಸ್ತಕದಲ್ಲೂ ಇಲ್ಲದ ಒಂದು ಸಂಗತಿಯನ್ನು ಕನ್ನಡಕ್ಕೆ ತರುತ್ತಿದ್ದಾಳೆ. ಅವಳು ‘ನಾನು ಹತ್ತಿದೆ’ ಎಂದು ಬರೆದಾಗ ಅದು ಬರಿ ಜಂಬವಲ್ಲ. ಮುಟ್ಟಿನ ದಿನ ಬೆಟ್ಟ ಹತ್ತಿದ್ದು, ಕತ್ತಲಲ್ಲಿ ಮೂತ್ರಕ್ಕೆ ಹೋಗಲು ಹೆದರಿದ್ದು, ಎದುರಾದ ಗಂಡಸರ ಗುಂಪನ್ನು ಕಂಡು ಮಾತು ನಿಲ್ಲಿಸಿದ್ದು: ಇವು ಬರಹಕ್ಕೆ ಬಂದಾಗ ಬೆಟ್ಟದ ಗದ್ಯ ಹಿಗ್ಗುತ್ತದೆ. ತಾನು ಹೊರಟಾಗ ಮನೆಯಲ್ಲಿ ಯಾರು ಅಡುಗೆ ಮಾಡಿದರು ಎಂದೂ ಬರೆದರೆ ಅದು ಸಂಕಮ್ಮನ ಸಾಲಿಗೆ ಸೇರುತ್ತದೆ. ಆದ್ದರಿಂದ ‘ನಾನು’ ಎಂಬ ಪದವೇ ದೋಷ ಎಂದು ನಾನು ಹೇಳುತ್ತಿಲ್ಲ. ಆ ‘ನಾನು’ ಯಾರನ್ನಾದರೂ ಕಂಡಿತೇ, ಯಾರಾದರೂ ಅದನ್ನು ಕಂಡರೇ ಎಂಬುದಷ್ಟೇ ಪ್ರಶ್ನೆ.

ಇನ್ನು ನಮ್ಮ ಬೋಳು ಬೆಟ್ಟಗಳ ವಿಚಾರ. ಕನ್ನಡ ನವೋದಯಕ್ಕೆ ಇಂಗ್ಲಿಷ್ ರೊಮ್ಯಾಂಟಿಕ್ ಕವಿಗಳ ನಿಸರ್ಗವನ್ನು ‘ಇಂಗ್ಲಿಷ್ ಗೀತಗಳು’ ಮೂಲಕ ತಂದುಕೊಟ್ಟ ಬಿ. ಎಂ. ಶ್ರೀಕಂಠಯ್ಯನವರ ಹೆಸರಿನ ಮೊದಲ ಅಕ್ಷರ ನಾಗಮಂಗಲ ತಾಲ್ಲೂಕಿನ ಬೆಳ್ಳೂರು. ಚುಂಚನಗಿರಿ ಬೆಟ್ಟ ಆ ಊರಿನ ಪಕ್ಕದಲ್ಲೇ ಇದೆ. ಆದರೆ ಬಂದ ಆ ಹೊಸ ನಿಸರ್ಗ ನೆಲೆ ಕಂಡುಕೊಂಡದ್ದು ಮಲೆನಾಡಿನಲ್ಲಿ. ಕುವೆಂಪು ಅವರ ‘ಮಲೆನಾಡಿನ ಚಿತ್ರಗಳು’ (1933) ಬಂದ ಮೇಲಂತೂ ಕನ್ನಡದಲ್ಲಿ ಬೆಟ್ಟ ಎಂದರೆ ಮಳೆ, ಮಂಜು, ದಟ್ಟ ಹಸಿರು ಎಂದಾಯಿತು. ನಮ್ಮ ಕಡೆಯ ಬೆಟ್ಟವನ್ನು ಕಾವ್ಯಕ್ಕೆ ತಂದವರು ಮೇಲುಕೋಟೆಯಲ್ಲಿ 1905ರಲ್ಲಿ ಹುಟ್ಟಿದ ಪು. ತಿ. ನರಸಿಂಹಾಚಾರ್. ಅವರಿಗೂ ಯದುಗಿರಿ ಮೊದಲು ದೇವರ ನೆಲೆ, ಆಮೇಲೆ ಕಲ್ಲು ಗುಡ್ಡ. ಅದು ತಪ್ಪಲ್ಲ. ಆದರೆ ದೇವರಿಲ್ಲದ ಬೆಟ್ಟಕ್ಕೆ, ಗುಡಿಯಿಂದ ದೂರದ ಇಳಿಜಾರಿಗೆ, ಕನ್ನಡದಲ್ಲಿ ಮಾತುಗಳು ಹುಟ್ಟಲಿಲ್ಲ.

ಹೀಗಾಗಿ ಇಂದು ವಾರಾಂತ್ಯಕ್ಕೆ ಕುಂತಿಬೆಟ್ಟಕ್ಕೋ ಮೇಲುಕೋಟೆಗೋ ಬರುವ ಚಾರಣಿಗರು ಮಲೆನಾಡಿನಿಂದ ಎರವಲು ತಂದ ಪದಗಳಲ್ಲಿ ಬರೆಯುತ್ತಾರೆ. ಇಲ್ಲದ ಹಸಿರನ್ನು ಹುಡುಕುತ್ತಾರೆ, ಸಿಗದಿದ್ದಾಗ ಸೂರ್ಯೋದಯಕ್ಕೆ ಜೋತುಬೀಳುತ್ತಾರೆ. ಮೇಲುಕೋಟೆಯ ರಾಯಗೋಪುರದ ಮುಂದೆ ನಿಂತ ಎಷ್ಟೋ ಬರಹಗಳಿವೆ. ಅದೇ ಮೇಲುಕೋಟೆಯ ಸುತ್ತ ಸುಮಾರು 50 ಚದರ ಕಿಲೋಮೀಟರ್ ಕುರುಚಲು ಕಾಡನ್ನು 1974ರಲ್ಲಿ ವನ್ಯಧಾಮ ಎಂದು ಘೋಷಿಸಿದ್ದು ಮುಖ್ಯವಾಗಿ ತೋಳಗಳಿಗಾಗಿ ಎಂಬುದು ಆ ಬರಹಗಳಲ್ಲಿ ಬರುವುದಿಲ್ಲ. ತೋಳ ಬಂದರೆ ಅದರ ಹಿಂದೆ ಕುರಿ ಬರುತ್ತದೆ, ಕುರಿಯ ಹಿಂದೆ ಕುರಿಗಾಹಿ ಬರುತ್ತಾನೆ, ರಾತ್ರಿ ಕುರಿ ಕಳೆದುಕೊಂಡವನ ಸಿಟ್ಟು ಬರುತ್ತದೆ. ಸೂರ್ಯೋದಯದ ಚಿತ್ರಕ್ಕೆ ಅದು ಹೊಂದುವುದಿಲ್ಲ.

ಮಾತು ಹುಟ್ಟದಿದ್ದರೆ ನಷ್ಟವೇನು? ಪಾಂಡವಪುರ ತಾಲ್ಲೂಕಿನ ಬೇಬಿ ಬೆಟ್ಟವನ್ನು ನೋಡಿ. ದನಗಳ ಜಾತ್ರೆಗೆ ಹೆಸರಾದ ಜಾಗ. ಈಗ ಆ ಹೆಸರು ಕೇಳಿದರೆ ಎಲ್ಲರಿಗೂ ನೆನಪಾಗುವುದು ಕಲ್ಲು ಗಣಿ. ಕೃಷ್ಣರಾಜಸಾಗರ ಅಣೆಕಟ್ಟೆಗೆ ಸ್ಫೋಟಗಳಿಂದ ಅಪಾಯವಿದೆಯೇ ಎಂಬ ವಿವಾದ ವರ್ಷಗಟ್ಟಲೆ ನಡೆದು, 2024ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟ್ ಅಣೆಕಟ್ಟೆಯ 20 ಕಿಲೋಮೀಟರ್ ವ್ಯಾಪ್ತಿಯಲ್ಲಿ ಗಣಿಗಾರಿಕೆಗೆ ತಡೆ ಹಾಕಿತು. ಆ ಇಡೀ ಚರ್ಚೆಯಲ್ಲಿ ಮುಂದೆ ನಿಂತದ್ದು ಅಣೆಕಟ್ಟೆ. ಅದು ಸರಿಯೇ, ನಾಲೆಯ ನೀರು ಕುಡಿದು ಬೆಳೆದ ಜಿಲ್ಲೆ ಇದು. ಆದರೆ ಬೆಟ್ಟಕ್ಕೆ ಬೆಟ್ಟವಾಗಿ ಒಂದು ಬೆಲೆಯಿದೆ ಎಂದು ವಾದಿಸಲು ಬೇಕಾದ ಭಾಷೆ ನಮ್ಮಲ್ಲಿರಲಿಲ್ಲ. ಕಾದಂಬರಿ ಇಲ್ಲ, ಪ್ರಬಂಧ ಇಲ್ಲ, ಗಿಡಗಳ ಪಟ್ಟಿ ಇಟ್ಟುಕೊಂಡ ಒಬ್ಬ ಸ್ವಾಮಿ ಇಲ್ಲ. ಮಾತಿಲ್ಲದ ಬೆಟ್ಟ ಲಾರಿ ಲೋಡಿನ ಲೆಕ್ಕಕ್ಕೆ ಸುಲಭವಾಗಿ ಸಿಗುತ್ತದೆ.

ಸಾಹಿತ್ಯ ಬೆಟ್ಟವನ್ನು ಉಳಿಸುತ್ತದೆ ಎಂದು ಇದರಿಂದ ತೀರ್ಮಾನಿಸುವುದು ಬೇಡ. ಮಾತು ಹೆಚ್ಚಾದ ಬೆಟ್ಟಗಳ ಪಾಡೂ ನಮ್ಮ ಕಣ್ಣೆದುರಿಗಿದೆ. ಗೋಪಾಲಯ್ಯನ ಕುಮಾರಪರ್ವತಕ್ಕೆ 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಜನ ಮುಗಿಬಿದ್ದ ಚಿತ್ರಗಳು ಎಲ್ಲೆಡೆ ಹರಿದಾಡಿದವು. ಆನ್‌ಲೈನ್‌ನಲ್ಲಿ ಮೊದಲೇ ಕಾಯ್ದಿರಿಸದೆ ಚಾರಣಕ್ಕೆ ಬಿಡಕೂಡದು ಎಂದು ಸರ್ಕಾರ ತಾತ್ಕಾಲಿಕ ತಡೆ ಹಾಕಬೇಕಾಯಿತು. ಜನ ಕಾರಂತರನ್ನು ಓದಿ ಬಂದವರಲ್ಲ. ಅವರನ್ನು ಕರೆತಂದದ್ದು ತುದಿಯ ಚಿತ್ರ. ತುದಿಯೊಂದನ್ನೇ ಹೊಗಳುವ ಬರಹ ಎಲ್ಲರನ್ನೂ ಒಂದೇ ತುದಿಗೆ ಕಳಿಸುತ್ತದೆ. ಬುಡದ ಊರು, ಇಳಿಜಾರಿನ ತೋಟ, ದಾರಿಯ ಗಿಡ ಯಾರ ಕಣ್ಣಿಗೂ ಬೀಳುವುದಿಲ್ಲ. ಒಂದು ಕಡೆ ಮಾತಿಲ್ಲದೆ ಒಡೆದುಹೋಗುವ ಬೆಟ್ಟ, ಇನ್ನೊಂದು ಕಡೆ ಒಂದೇ ಮಾತನ್ನು ಸಾವಿರ ಜನ ಆಡಿ ತುಳಿದುಹಾಕುವ ಬೆಟ್ಟ. ಎರಡರ ಹಿಂದೆಯೂ ಇರುವುದು ಅಲ್ಲಿ ಬೇರೆ ಯಾರೂ ಇಲ್ಲ ಎಂಬ ಭಾವನೆಯೇ.

ಕಾಡ್ಗಿಚ್ಚಿನ ಭಯದಿಂದ ಬೇಸಿಗೆಯಲ್ಲಿ ಘಟ್ಟದ ಹಲವು ಹಾದಿಗಳನ್ನು ಅರಣ್ಯ ಇಲಾಖೆ ಮುಚ್ಚುತ್ತದೆ. ಚಾರಣಿಗರು ಆ ತಿಂಗಳುಗಳಲ್ಲಿ ಹಿಮಾಚಲಕ್ಕೋ ಉತ್ತರಾಖಂಡಕ್ಕೋ ರೈಲು ಹತ್ತುತ್ತಾರೆ. ಹೋಗಿ ಬರಲಿ, ಬರೆಯಲಿ. ಆದರೆ ಬೇಸಿಗೆ ನಮ್ಮ ಬೆಟ್ಟಗಳಲ್ಲಿ ಜನ ಇರುವ ಕಾಲವೂ ಹೌದು. ಫಾಲ್ಗುಣದಲ್ಲಿ ಮೇಲುಕೋಟೆಯ ವೈರಮುಡಿ. ಮೇವು ಒಣಗಿದ ಮೇಲೆ ಕುರಿಗಾಹಿಗಳು ಯಾವ ಬಂಡೆಯ ಸಂದಿಯಲ್ಲಿ ನೀರು ಉಳಿದಿದೆ ಎಂದು ಲೆಕ್ಕ ಹಾಕುವ ದಿನಗಳು. ಹೊಸ ಬರಹಗಾರರಿಗೆ ಯಾರಾದರೂ ಮಾದರಿ ಬೇಕೆಂದರೆ ‘ಹಸುರು ಹೊನ್ನು’ ಕೈಗೆ ಕೊಡಬಹುದು. ಆದರೆ ಅದನ್ನು ಹಿಡಿದು ಆಗುಂಬೆಗೆ ಹೋಗುವ ಬದಲು ಏಪ್ರಿಲ್ ತಿಂಗಳಲ್ಲಿ ನಾರಾಯಣದುರ್ಗದ ಬುಡಕ್ಕೆ ಹೋಗಲಿ. ಮೇಕೆ ಮೇಯಿಸುವವರ ಹಿಂದೆ ಒಂದು ದಿನ ನಡೆಯಲಿ. ಯಾವ ಗಿಡವನ್ನು ಮೇಕೆ ಮುಟ್ಟುವುದಿಲ್ಲ, ಅದಕ್ಕೆ ಅವರು ಏನೆನ್ನುತ್ತಾರೆ, ಯಾವ ಬಂಡೆಗೆ ಯಾವ ಹೆಸರು, ತೋಳವನ್ನು ಕೊನೆಗೆ ಕಂಡದ್ದು ಯಾವಾಗ, ಮಗಳು ಬೆಟ್ಟಕ್ಕೆ ಬರುತ್ತಾಳೋ ಶಾಲೆಗೆ ಹೋಗುತ್ತಾಳೋ ಎಂದು ಕೇಳಿ ಬರೆದುಕೊಳ್ಳಲಿ. ಹೊತ್ತು ಮುಳುಗುವುದರೊಳಗೆ ತುದಿ ಮುಟ್ಟಲಾಗದಿದ್ದರೆ ಚಿಂತೆಯಿಲ್ಲ. ಅಂಥ ಬರಹ ಬಂದರೆ ಅದನ್ನು ಚಾರಣ ಎಂದು ಕರೆಯಲು ನನಗೆ ಯಾವ ತಕರಾರೂ ಇಲ್ಲ.